ಹೆಚ್ಚಿಗೆ ಬಾಡಿಗೆ ಕೊಡೆವು, ಮನೆಯನ್ನೂ ಬಿಡೆವು

1915ರ ಮೊದಲ ತಿಂಗಳುಗಳಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗೋವನ್ ಭಾಗದ ವಠಾರಗಳಿಗೆ ಬಾಡಿಗೆ ಏರಿಕೆಯ ನೋಟಿಸುಗಳು ಬಂದವು. ಮಹಾಯುದ್ಧ ಶುರುವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಆ ವಠಾರಗಳ ಗಂಡಸರಲ್ಲಿ ಕೆಲವರು ಫ್ರಾನ್ಸಿನ ಕಂದಕಗಳಲ್ಲಿದ್ದರು. ಉಳಿದವರು ಕ್ಲೈಡ್ ನದಿಯ ದಂಡೆಯ ಹಡಗು ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ನೋಟಿಸು ಕಳಿಸಿದವನು ಮನೆಯ ಮಾಲೀಕನಲ್ಲ. ಗ್ಲಾಸ್ಗೋದಲ್ಲಿ ಬಾಡಿಗೆದಾರ ಮಾಲೀಕನ ಮುಖ ನೋಡುವುದೇ ಅಪರೂಪ. ಬಾಡಿಗೆ ವಸೂಲಿ, ರಿಪೇರಿ, ಮನೆ ಖಾಲಿ ಮಾಡಿಸುವುದು ಎಲ್ಲವೂ ‘ಫ್ಯಾಕ್ಟರ್’ ಎಂಬ ಏಜೆಂಟನ ಕೈಯಲ್ಲಿತ್ತು. ಏರಿಕೆ ಕೆಲವೆಡೆ ನೂರಕ್ಕೆ 25ರವರೆಗೂ ಹೋಗಿತ್ತು. ಕೊಡಲಾಗದಿದ್ದರೆ ಬಿಡಿ, ಬರುವವರು ಬಾಗಿಲಲ್ಲೇ ನಿಂತಿದ್ದಾರೆ ಎಂಬುದು ಫ್ಯಾಕ್ಟರ್‌ಗಳ ಮಾತು. ಅದು ಸುಳ್ಳೂ ಆಗಿರಲಿಲ್ಲ. ಮದ್ದುಗುಂಡು ಮತ್ತು ಹಡಗಿನ ಕೆಲಸಕ್ಕೆಂದು ಸುಮಾರು 20,000 ಕಾರ್ಮಿಕರು ನಗರಕ್ಕೆ ಬಂದಿಳಿದಿದ್ದರು. ಹೊಸ ಮನೆ ಕಟ್ಟುವ ಕೆಲಸ ನಿಂತೇಹೋಗಿತ್ತು.

ಅದೇ ವರ್ಷದ ಡಿಸೆಂಬರಿನಲ್ಲಿ ಬ್ರಿಟನ್ನಿನಲ್ಲಿ ಬಾಡಿಗೆ ನಿಯಂತ್ರಣದ ಮೊದಲ ಕಾಯ್ದೆ ಜಾರಿಗೆ ಬಂತು. ಅದನ್ನು ತರಿಸಿದವರು ಓಟಿನ ಹಕ್ಕೂ ಇಲ್ಲದ ಹೆಂಗಸರು. ಮುಂದೆ ಬೊಂಬಾಯಿಯಲ್ಲಿ, ಧಾರವಾಡ ಬೆಳಗಾವಿಗಳಲ್ಲಿ, ಮೈಸೂರು ರಾಜ್ಯದಲ್ಲಿ ಬಾಡಿಗೆದಾರರನ್ನು ಕಾಯ್ದ ಕಾನೂನುಗಳಿಗೆಲ್ಲ ಆ ಕಾಯ್ದೆಯೇ ಅಚ್ಚು. ಸರ್ಕಾರ ಬಡವರಿಗೆ ಮನೆ ಕಟ್ಟಿಕೊಡಬೇಕು ಎಂಬ ಮಾತಿಗೆ ಬಲ ಬಂದದ್ದೂ ಅದೇ ಜಗಳದಿಂದ. ಆದರೆ ಮನೆ ಸಿಗುವುದು ಬೇರೆ, ಸಿಕ್ಕ ಮನೆಯಲ್ಲಿ ನೆಮ್ಮದಿಯಾಗಿ ಇರುವ ಹಕ್ಕು ಬೇರೆ. ನೂರು ವರ್ಷಗಳ ಈ ಕಥೆಯಲ್ಲಿ ಎರಡೂ ಒಟ್ಟಿಗೆ ಸಿಕ್ಕವರು ಬಹಳ ಕಡಿಮೆ. ಇದನ್ನು ಬರೆಯಬೇಕೆನಿಸಿದ್ದು ಆ ಕಾರಣಕ್ಕೆ.

ಆ ವಠಾರಗಳು ಹೇಗಿದ್ದವು ಎಂದು ಮೊದಲು ನೋಡಬೇಕು. ಮೂರು ನಾಲ್ಕು ಅಂತಸ್ತಿನ ಕಲ್ಲಿನ ಕಟ್ಟಡಗಳು. ಬೀದಿಯಿಂದ ಒಳಕ್ಕೆ ಒಂದು ಓಣಿ, ಅದರ ಕೊನೆಯಲ್ಲಿ ಎಲ್ಲರಿಗೂ ಸೇರಿದ ಮೆಟ್ಟಿಲು, ಮೆಟ್ಟಿಲ ತಿರುವಿನಲ್ಲಿ ಹಲವು ಸಂಸಾರಗಳಿಗೆ ಒಂದೇ ಪಾಯಿಖಾನೆ, ಹಿಂದಿನ ಅಂಗಳದಲ್ಲಿ ಸರದಿಯ ಮೇಲೆ ಬಟ್ಟೆ ಒಗೆಯುವ ಮನೆ. ಹಲವರದು ಒಂದೇ ಕೋಣೆಯ ಸಂಸಾರ. ಸ್ವಲ್ಪ ಅನುಕೂಲವಿದ್ದವರಿಗೆ ಒಂದು ಕೋಣೆ, ಒಂದು ಅಡುಗೆಮನೆ. ಗೋಡೆಯೊಳಗಿನ ಗೂಡಿನಂಥ ಜಾಗದಲ್ಲಿ ಹಾಸಿಗೆ. 1912ರಲ್ಲಿ ನೇಮಕವಾಗಿ 1917ರಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್ ಸ್ಕಾಟ್ಲೆಂಡಿನ ಜನರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿ ಒಂದು ಅಥವಾ ಎರಡು ಕೋಣೆಯ ಮನೆಗಳಲ್ಲಿದ್ದಾರೆ ಎಂದು ಲೆಕ್ಕ ಕೊಟ್ಟಿತು. ಪಕ್ಕದ ಇಂಗ್ಲೆಂಡಿನಲ್ಲಿ ಅಂಥವರು ನೂರಕ್ಕೆ ಹತ್ತನ್ನೂ ಮುಟ್ಟುತ್ತಿರಲಿಲ್ಲ.

ಬಡವರ ಮನೆಗೆ ಸರ್ಕಾರ ಮೊದಲು ಬಂದದ್ದು ಸಹಾಯಕ್ಕಲ್ಲ, ತಪಾಸಣೆಗೆ. 1862ರ ಪೊಲೀಸ್ ಕಾಯ್ದೆಯ ಪ್ರಕಾರ ಗ್ಲಾಸ್ಗೋದ ಪುಟ್ಟ ಮನೆಗಳನ್ನು ಅಳತೆ ಮಾಡಿ, ಒಬ್ಬ ವಯಸ್ಕನಿಗೆ 300 ಘನ ಅಡಿ ಗಾಳಿ ಎಂಬ ಲೆಕ್ಕದಲ್ಲಿ ಎಷ್ಟು ಜನ ಮಲಗಬಹುದೆಂದು ಬರೆದ ಲೋಹದ ಬಿಲ್ಲೆಯನ್ನು ಬಾಗಿಲಿಗೆ ಹೊಡೆಯುತ್ತಿದ್ದರು. ಎಂಟು ವರ್ಷದೊಳಗಿನ ಮಗುವಿಗೆ ಅರ್ಧ ಲೆಕ್ಕ. ನಡುರಾತ್ರಿ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಬಾಗಿಲು ಬಡಿದು ತಲೆ ಎಣಿಸುತ್ತಿದ್ದ. ಹೆಚ್ಚುವರಿ ಜನ ಕಪಾಟಿನೊಳಗೆ, ಮಾಳಿಗೆಯ ಮೇಲೆ ಅಡಗುತ್ತಿದ್ದರು. ಸಿಕ್ಕಿಬಿದ್ದರೆ ದಂಡ. ಅಷ್ಟು ಜನ ಅಷ್ಟು ಚಿಕ್ಕ ಜಾಗದಲ್ಲಿ ಯಾಕೆ ಮಲಗಿದ್ದಾರೆ ಎಂದು ಆ ಕಾಯ್ದೆ ಕೇಳಲಿಲ್ಲ. ಬಡವರ ಮನೆಗೂ ಸರ್ಕಾರಕ್ಕೂ ಇರುವ ಸಂಬಂಧದಲ್ಲಿ ಈ ಇನ್‌ಸ್ಪೆಕ್ಟರ್ ಮುಂದೆ ಬೇರೆ ವೇಷದಲ್ಲಿ ಮತ್ತೆ ಬರುತ್ತಾನೆ.

ಬಾಡಿಗೆಯ ಕರಾರಿನಲ್ಲೂ ಒಂದು ಬದಲಾವಣೆ ಆಗಿತ್ತು. ಹಿಂದೆ ಗ್ಲಾಸ್ಗೋದಲ್ಲಿ ಮನೆಯನ್ನು ವರ್ಷಕ್ಕೆಂದು ಹಿಡಿಯಬೇಕಿತ್ತು. ಮೇ 28 ಮನೆ ಬದಲಿಸುವ ದಿನ. ಮುಂದಿನ ವರ್ಷವೂ ಇರುತ್ತೀರೋ ಇಲ್ಲವೋ ಎಂಬುದನ್ನು ಹಲವು ತಿಂಗಳು ಮೊದಲೇ ಹೇಳಬೇಕಿತ್ತು. ಇಂದು ಕೆಲಸವಿದ್ದು ನಾಳೆ ಇಲ್ಲದ ಕೂಲಿಕಾರರಿಗೆ ಇದು ಹೊರೆ ಎಂದು ಕಾರ್ಮಿಕ ಸಂಘಗಳು ಗಲಾಟೆ ಮಾಡಿದವು. 1911ರಲ್ಲಿ ಕಾಯ್ದೆ ಬದಲಾಗಿ ಚಿಕ್ಕ ಮನೆಗಳಿಗೆ ತಿಂಗಳ ಬಾಡಿಗೆ ಬಂತು. ಬಡವರ ಅನುಕೂಲಕ್ಕೆಂದೇ ತಂದ ಕಾನೂನು ಅದು. ಆದರೆ ತಿಂಗಳ ಕರಾರು ಎಂದರೆ ತಿಂಗಳಿಗೊಮ್ಮೆ ಬಾಡಿಗೆ ಏರಿಸುವ, ಕೆಲವೇ ದಿನಗಳಲ್ಲಿ ಹೊರಹಾಕುವ ಅವಕಾಶವೂ ಹೌದು. ನಗರದಲ್ಲಿ ಖಾಲಿ ಮನೆಗಳು ಬೇಕಾದಷ್ಟಿದ್ದಾಗ ಇದರ ಬಿಸಿ ತಟ್ಟಲಿಲ್ಲ. ಯುದ್ಧ ಬಂದು ಖಾಲಿ ಮನೆ ಇಲ್ಲವಾದಾಗ ತಟ್ಟಿತು.

1914ರಲ್ಲೇ ಗೋವನ್ನಿನಲ್ಲಿ ಗ್ಲಾಸ್ಗೋ ಮಹಿಳಾ ವಸತಿ ಸಂಘ ಹುಟ್ಟಿಕೊಂಡಿತ್ತು. ಮೇರಿ ಲೇರ್ಡ್, ಹೆಲೆನ್ ಕ್ರಾಫರ್ಡ್, ಆಗ್ನೆಸ್ ಡೊಲನ್ ಅದರ ಮುಂದಾಳುಗಳು. ಎಲ್ಲರಿಗಿಂತ ಹೆಚ್ಚಾಗಿ ಜನ ನೆನೆಯುವುದು ಮೇರಿ ಬಾರ್ಬರ್ ಅವರನ್ನು. 1875ರಲ್ಲಿ ಕಿಲ್‌ಬಾರ್ಕನ್ ಎಂಬ ಹಳ್ಳಿಯ ನೇಕಾರರ ಮನೆಯಲ್ಲಿ ಹುಟ್ಟಿದವರು. ನೂಲಿನ ಗಿರಣಿಯಲ್ಲಿ, ಆಮೇಲೆ ರತ್ನಗಂಬಳಿಗೆ ಬಣ್ಣದ ಅಚ್ಚು ಹಾಕುವ ಕೆಲಸದಲ್ಲಿ ದುಡಿದವರು. 1896ರಲ್ಲಿ ಎಂಜಿನಿಯರಿಂಗ್ ಕಾರ್ಮಿಕನೊಬ್ಬನನ್ನು ಮದುವೆಯಾಗಿ ಗೋವನ್ನಿಗೆ ಬಂದವರು. ಸಹಕಾರಿ ಅಂಗಡಿಯ ಮಹಿಳಾ ಕೂಟದಲ್ಲಿ ಸಭೆ ನಡೆಸುವುದನ್ನು, ಲೆಕ್ಕ ಇಡುವುದನ್ನು, ಎದ್ದು ನಿಂತು ಮಾತಾಡುವುದನ್ನು ಕಲಿತಿದ್ದರು. ಈ ಕೂಟಗಳ ಪಾತ್ರವನ್ನು ಇತಿಹಾಸ ಬರೆಯುವವರು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನ್ನ ಮಟ್ಟಿಗೆ ಇಡೀ ಚಳವಳಿಯ ಬೇರು ಅಲ್ಲಿದೆ. ದಿನಸಿಯ ಚೀಟಿಯಲ್ಲಿ ಪೈಸೆ ಪೈಸೆ ಲೆಕ್ಕ ನೋಡಿದ ಹೆಂಗಸರಿಗೆ ವಾರಕ್ಕೆ ಒಂದು ಶಿಲಿಂಗ್ ಏರಿಕೆ ಎಂದರೆ ಮಕ್ಕಳ ಯಾವ ಊಟ ತಪ್ಪುತ್ತದೆ ಎಂಬುದು ತಕ್ಷಣ ಗೊತ್ತಾಗುತ್ತಿತ್ತು.

ಅವರು ಹಿಡಿದ ದಾರಿ ಸರಳ. ಹಳೆಯ ಬಾಡಿಗೆ ಕೊಡುತ್ತೇವೆ, ಏರಿಸಿದ್ದನ್ನು ಕೊಡುವುದಿಲ್ಲ, ಮನೆಯನ್ನೂ ಬಿಡುವುದಿಲ್ಲ. ಹೀಗೆಂದು ಅಚ್ಚು ಹಾಕಿಸಿದ ಕಾಗದ ಒಂದೊಂದು ಕಿಟಕಿಯಲ್ಲೂ ಕಾಣಿಸಿಕೊಂಡಿತು. ಪ್ರತಿ ವಠಾರಕ್ಕೂ ಒಂದು ಸಮಿತಿ. ಅಡುಗೆಮನೆಗಳಲ್ಲಿ ಸಭೆ. ಓಣಿಯ ಬಾಯಲ್ಲಿ ಒಬ್ಬ ಹೆಂಗಸು ಗಂಟೆ ಹಿಡಿದು ಕೂರಬೇಕು. ಮನೆ ಖಾಲಿ ಮಾಡಿಸಲು ಕೋರ್ಟಿನ ಅಮೀನ ಬರುವುದು ಕಂಡರೆ ಗಂಟೆ ಬಾರಿಸಬೇಕು. ಗಂಟೆ ಕೇಳಿದ ಕೂಡಲೇ ಕೈಯಲ್ಲಿ ಹಿಡಿದದ್ದನ್ನು ಹಿಡಿದಂತೆಯೇ ಎಲ್ಲರೂ ಮೆಟ್ಟಿಲಿಳಿದು ಬರುತ್ತಿದ್ದರು. ಒದ್ದೆ ಬಟ್ಟೆಯಿಂದ ಹೊಡೆತ, ಹಿಟ್ಟಿನ ಪೊಟ್ಟಣಗಳ ಸುರಿಮಳೆ. ಅಮೀನ ಬೆಳ್ಳಗಾಗಿ ಓಡುತ್ತಿದ್ದ. ಚಿಕ್ಕ ಮಕ್ಕಳೂ ಮೆರವಣಿಗೆಯಲ್ಲಿ ಫಲಕ ಹಿಡಿದು ನಡೆದರು: ಅಪ್ಪ ಫ್ರಾನ್ಸಿನಲ್ಲಿ ಹೋರಾಡುತ್ತಿದ್ದಾರೆ, ನಾವು ಇಲ್ಲಿ ಮನೆ ಮಾಲೀಕರ ಜೊತೆ ಹೋರಾಡುತ್ತಿದ್ದೇವೆ ಎಂಬುದು ಆ ಫಲಕಗಳ ತಾತ್ಪರ್ಯ.

ಜೂನ್ ತಿಂಗಳಲ್ಲಿ ಶೆಟಲ್‌ಸ್ಟನ್ ಭಾಗದಲ್ಲಿ ಒಬ್ಬ ಗಾಯಾಳು ಸೈನಿಕನ ಹೆಂಡತಿಯನ್ನು ಒಂದು ಪೌಂಡಿಗೂ ಕಡಿಮೆ ಬಾಕಿಗಾಗಿ ಹೊರಹಾಕಲು ಆದೇಶವಾಯಿತು. ನೂರಾರು ಜನ ಆ ಮನೆಯ ಮುಂದೆ ಕಾವಲು ನಿಂತರು, ಫ್ಯಾಕ್ಟರ್‌ನ ಪ್ರತಿಕೃತಿ ಸುಟ್ಟರು. ಮನೆ ಖಾಲಿಯಾಗಲಿಲ್ಲ. ಇದೇ ಭಾಗದ ಕೌನ್ಸಿಲರ್ ಜಾನ್ ವೀಟ್ಲಿ ಈ ಹೊತ್ತಿಗೆ ಚಳವಳಿಯ ಜೊತೆಗಿದ್ದರು. ಐರ್ಲೆಂಡಿನಲ್ಲಿ ಹುಟ್ಟಿ, ಗಣಿ ಕಾರ್ಮಿಕರ ಒಂಟಿ ಕೋಣೆಯ ಮನೆಯಲ್ಲಿ ಬೆಳೆದು, ಕಲ್ಲಿದ್ದಲು ಗಣಿಯಲ್ಲಿ ದುಡಿದು, ಕೊನೆಗೆ ಸ್ವಂತ ಮುದ್ರಣಾಲಯ ನಡೆಸುತ್ತಿದ್ದವರು. ಯುದ್ಧಕ್ಕೆ ಮೊದಲೇ, 1913ರಲ್ಲಿ, ಅವರು ಒಂದು ಕಿರುಹೊತ್ತಿಗೆ ಬರೆದಿದ್ದರು. ಗ್ಲಾಸ್ಗೋದ ಟ್ರಾಮುಗಳು ನಗರಾಡಳಿತದ ಸ್ವಂತದ್ದು, ಒಳ್ಳೆಯ ಲಾಭವನ್ನೂ ತರುತ್ತಿದ್ದವು. ಆ ಲಾಭದ ಹಣದಿಂದ ನಗರಾಡಳಿತವೇ ಚಿಕ್ಕ ಮನೆಗಳನ್ನು ಕಟ್ಟಿ ವರ್ಷಕ್ಕೆ 8 ಪೌಂಡ್ ಬಾಡಿಗೆಗೆ ಕೊಡಬಹುದು ಎಂಬುದು ಅವರ ಲೆಕ್ಕ. ಆಗ ನಗರಾಡಳಿತ ಅದನ್ನು ಒಪ್ಪಲಿಲ್ಲ.

ಗೋವನ್ನಿನ ಇನ್ನೊಂದು ಘಟನೆಯನ್ನು ಕಾರ್ಮಿಕ ನಾಯಕ ವಿಲ್ಲಿ ಗಾಲಕರ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಒಬ್ಬ ಫ್ಯಾಕ್ಟರ್ ಒಂದೊಂದೇ ಮನೆಗೆ ಹೋಗಿ, ಉಳಿದವರೆಲ್ಲ ಏರಿಕೆ ಕೊಟ್ಟಾಗಿದೆ, ನೀವೊಬ್ಬರೇ ಬಾಕಿ ಎಂದು ನಂಬಿಸಿ ಹಣ ವಸೂಲಿ ಮಾಡಿದ. ಮೋಸ ತಿಳಿದ ಮೇಲೆ ಬಾರ್ಬರ್ ಹಡಗು ಕಾರ್ಖಾನೆಯ ಗಂಡಸರನ್ನೂ ಕರೆದುಕೊಂಡು ಅವನ ಆಫೀಸಿಗೆ ನಡೆದರು. ಹಣ ವಾಪಸು ಬಂತು. ಬಾಡಿಗೆದಾರರು ಪರಸ್ಪರ ಮಾತಾಡದಿದ್ದರೆ ಮಾಲೀಕನ ಕೆಲಸ ಎಷ್ಟು ಸುಲಭ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಗಾಲಕರ್ ಈ ಹೆಂಗಸರನ್ನು ಬಾರ್ಬರಮ್ಮನ ಸೈನ್ಯ ಎಂದು ಕರೆದರು, ಆ ಹೆಸರೇ ಉಳಿಯಿತು.

ಅಕ್ಟೋಬರಿನಲ್ಲಿ ಸರ್ಕಾರ ಒಂದು ವಿಚಾರಣಾ ಸಮಿತಿ ನೇಮಿಸಿತು. ಅದರ ಅಧ್ಯಕ್ಷ ನ್ಯಾಯಾಧೀಶ ಲಾರ್ಡ್ ಹಂಟರ್. ನಾಲ್ಕು ವರ್ಷದ ಮೇಲೆ ಜಲಿಯನ್‌ವಾಲಾಬಾಗಿನ ಹತ್ಯಾಕಾಂಡದ ವಿಚಾರಣೆಗೆ ಬಂದ ಹಂಟರ್ ಸಮಿತಿಯ ಅಧ್ಯಕ್ಷರೂ ಇವರೇ. ಗ್ಲಾಸ್ಗೋದಲ್ಲಿ ಅವರ ಸಮಿತಿ ಸಾಕ್ಷ್ಯ ಕೇಳುತ್ತ ಕುಳಿತಿರುವಾಗಲೇ ಮುಷ್ಕರ ಗೋವನ್ನಿನಿಂದ ಪಾರ್ಟಿಕ್, ಪಾರ್ಕ್‌ಹೆಡ್ ಭಾಗಗಳಿಗೆ ಹಬ್ಬಿತು. ನವೆಂಬರ್ ಹೊತ್ತಿಗೆ ಸುಮಾರು 20,000 ಮನೆಗಳವರು ಏರಿಕೆ ಕೊಡುವುದನ್ನು ನಿಲ್ಲಿಸಿದ್ದರು ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು.

ಮನೆಗಳನ್ನು ಖಾಲಿ ಮಾಡಿಸಲಾಗದ ಒಬ್ಬ ಫ್ಯಾಕ್ಟರ್ ಬೇರೆ ದಾರಿ ಹಿಡಿದ. ಬಾಕಿಯನ್ನು ಬಾಡಿಗೆದಾರರ ಸಂಬಳದಿಂದಲೇ ಕಾರ್ಖಾನೆಯಲ್ಲಿ ಮುರಿದು ಕೊಡಿಸಬೇಕೆಂದು ಹದಿನೆಂಟು ಮಂದಿಯ ಮೇಲೆ ಸಣ್ಣ ಸಾಲಗಳ ಕೋರ್ಟಿನಲ್ಲಿ ದಾವೆ ಹೂಡಿದ. ಹೆಚ್ಚಿನವರು ಮದ್ದುಗುಂಡಿನ ಕಾರ್ಖಾನೆಗಳ ಕೆಲಸಗಾರರು. ಅವನ ಲೆಕ್ಕ ತಪ್ಪಿದ್ದು ಇಲ್ಲಿ. ಓಣಿಯ ಬಾಗಿಲಲ್ಲಿ ಹೆಂಗಸರು ತಡೆಯುತ್ತಿದ್ದ ಜಗಳವನ್ನು ಅವನೇ ಒಯ್ದು ಕಾರ್ಖಾನೆಯ ಒಳಗಿಟ್ಟ. ನವೆಂಬರ್ 17, ಬುಧವಾರ, ವಿಚಾರಣೆಯ ದಿನ. ಬೆಳಗ್ಗೆ ಹೆಂಗಸರು ಗೋವನ್ನಿನಿಂದ ಹೊರಟರು. ದಾರಿಯುದ್ದಕ್ಕೂ ಹಡಗು ಕಾರ್ಖಾನೆಗಳ ಕೆಲಸಗಾರರು ಕೈಕೆಲಸ ಬಿಟ್ಟು ಬಂದು ಸೇರಿದರು. ಆ ವರ್ಷದ ಜುಲೈನಲ್ಲಷ್ಟೇ ಯುದ್ಧದ ಕಾರ್ಖಾನೆಗಳಲ್ಲಿ ಮುಷ್ಕರವನ್ನು ಕಾನೂನುಬಾಹಿರ ಮಾಡಿದ್ದರು, ಆದರೂ ಬಂದರು. ಕೋರ್ಟಿನ ಸುತ್ತ ಸಾವಿರಾರು ಜನ. ಶಾಲೆಯ ಮೇಷ್ಟ್ರು ಜಾನ್ ಮೆಕ್ಲೀನ್ ಮೊದಲಾದವರ ಭಾಷಣ ಒಳಗಿದ್ದ ನ್ಯಾಯಾಧೀಶರಿಗೂ ಕೇಳುತ್ತಿತ್ತು. ಸುದ್ದಿ ಲಂಡನ್ನಿಗೆ, ಮದ್ದುಗುಂಡು ಮಂತ್ರಿ ಲಾಯ್ಡ್ ಜಾರ್ಜ್ ಅವರಿಗೆ ಹೋಯಿತು. ಸರ್ಕಾರ ಕಾನೂನು ತರುತ್ತದೆ ಎಂಬ ಭರವಸೆಯ ಮೇಲೆ ಅವತ್ತೇ ದಾವೆ ಕೈಬಿಟ್ಟರು.

ಎಂಟು ದಿನಗಳಲ್ಲಿ ಮಸೂದೆ ಪಾರ್ಲಿಮೆಂಟಿಗೆ ಬಂತು, ಡಿಸೆಂಬರಿನಲ್ಲೇ ರಾಜನ ಅಂಕಿತ ಬಿತ್ತು. ಸುಮಾರು ಒಂದು ತಿಂಗಳಲ್ಲಿ ಆದ ಈ ಕಾಯ್ದೆ ಬಡವರ ಮೇಲಿನ ಕರುಣೆಯಿಂದ ಬಂದದ್ದಲ್ಲ. ಹಡಗು ಮತ್ತು ಗುಂಡು ನಿಂತುಹೋದರೆ ಯುದ್ಧ ಸೋಲಬಹುದೆಂಬ ಭಯದಿಂದ ಬಂದದ್ದು. ಯುದ್ಧ ಮುಗಿದು ಆರು ತಿಂಗಳಿಗೆ ಅದು ತಾನಾಗಿ ಮುಗಿಯಬೇಕು ಎಂದೇ ಬರೆದಿದ್ದರು. ಆದರೆ ಅದರಲ್ಲಿ ಮೂರು ಮಾತುಗಳಿದ್ದವು, ಅವು ಮಾತ್ರ ಮುಗಿಯಲಿಲ್ಲ. ಯುದ್ಧಕ್ಕೆ ಮುಂಚೆ, 1914ರ ಆಗಸ್ಟ್ 3ರಂದು, ಆ ಮನೆಗೆ ಎಷ್ಟು ಬಾಡಿಗೆ ಇತ್ತೋ ಅದೇ ನಿಗದಿತ ಬಾಡಿಗೆ. ಅದಕ್ಕಿಂತ ಹೆಚ್ಚಿಗೆ ಕೇಳುವಂತಿಲ್ಲ. ಬಾಡಿಗೆ ಸರಿಯಾಗಿ ಕೊಡುತ್ತಿರುವವನನ್ನು ಮನೆ ಹಾಳುಗೆಡವಿದ, ನೆರೆಯವರಿಗೆ ತೊಂದರೆ ಕೊಟ್ಟ, ಅಥವಾ ಮಾಲೀಕನ ಸ್ವಂತ ವಾಸಕ್ಕೆ ಬೇಕಾದ ಇಂಥ ಕೆಲವು ಕಾರಣಗಳಿಲ್ಲದೆ ಹೊರಹಾಕುವಂತಿಲ್ಲ. ಆ ಕಾರಣ ನಿಜವೋ ಅಲ್ಲವೋ ಎಂದು ಹೇಳಬೇಕಾದವರು ನ್ಯಾಯಾಧೀಶರು, ಮಾಲೀಕನಲ್ಲ. ನಮ್ಮ ಹಳೆಯ ಬಾಡಿಗೆ ಕಾಯ್ದೆಗಳನ್ನು ತೆರೆದು ನೋಡಿ, ಈ ಮೂರೂ ಅಲ್ಲಿವೆ.

ಕಾಯ್ದೆ ಬಂದ ಮೇಲೆ ಅದನ್ನು ಓದಿಕೊಳ್ಳುವ ಕೆಲಸ ಶುರುವಾಯಿತು. ಗ್ಲಾಸ್ಗೋದ ಬಾಡಿಗೆದಾರರ ಬಗ್ಗೆ ನನಗೆ ಹೆಚ್ಚು ಗೌರವ ಇರುವುದು ಈ ಭಾಗಕ್ಕೆ. 1920ರ ಹೊಸ ಕಾಯ್ದೆ ಬಾಡಿಗೆಯನ್ನು ಹಂತಹಂತವಾಗಿ ಏರಿಸಲು ಅನುಮತಿ ಕೊಟ್ಟಿತು. ಪಕ್ಕದ ಕ್ಲೈಡ್‌ಬ್ಯಾಂಕ್ ಪಟ್ಟಣದವರು ಮತ್ತೆ ಮುಷ್ಕರ ಹೂಡಿದರು. ಈ ಸಲ ಜಗಳ ಹೆಚ್ಚಾಗಿ ಕಾಗದದ ಮೇಲೆ ನಡೆಯಿತು. ಹಳೆಯ ಕರಾರನ್ನು ಮುರಿಯುವ ನೋಟಿಸು ಮೊದಲು ಕೊಡದೆ ಬರೀ ಏರಿಕೆಯ ನೋಟಿಸು ಕೊಟ್ಟರೆ ಅದು ಊರ್ಜಿತವಲ್ಲ ಎಂದು ಅಲ್ಲಿನ ಬಾಡಿಗೆದಾರನೊಬ್ಬನ ವಾದ. ದಾವೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಹೌಸ್ ಆಫ್ ಲಾರ್ಡ್ಸ್ ಮುಟ್ಟಿತು. 1922ರ ನವೆಂಬರಿನಲ್ಲಿ ತೀರ್ಪು ಬಾಡಿಗೆದಾರನ ಕಡೆಗಾಯಿತು. ಸಾವಿರಾರು ಮನೆಗಳವರು ಎರಡು ವರ್ಷ ಕೊಟ್ಟಿದ್ದ ಏರಿಕೆ ಕಾನೂನಿಲ್ಲದ ವಸೂಲಿ ಎಂದಾಯಿತು. ಗಾಬರಿಯಾದ ಸರ್ಕಾರ ಮರುವರ್ಷವೇ ತಿದ್ದುಪಡಿ ತಂದು ಮಾಲೀಕರ ಬೆನ್ನಿಗೆ ನಿಂತಿತು. ಆದರೂ ನೋಟಿಸಿನ ಒಂದು ತಪ್ಪು ಎಷ್ಟು ದೊಡ್ಡ ಆಯುಧ ಎಂಬುದು ಜನಕ್ಕೆ ತಿಳಿದಿತ್ತು.

ಇನ್ನು ಮನೆ ಕಟ್ಟುವ ಕಥೆ. ಯುದ್ಧ ಮುಗಿದಾಗ, ಹೋರಾಡಿ ಬಂದವರಿಗೆ ಯೋಗ್ಯ ಮನೆ ಕೊಡುತ್ತೇವೆಂದು ಸರ್ಕಾರ ಮಾತು ಕೊಟ್ಟಿತು. 1919ರ ಕಾಯ್ದೆ, ಮಂತ್ರಿ ಅಡಿಸನ್ ಹೆಸರಿನದು, ನಗರಾಡಳಿತಗಳಿಗೆ ಮನೆ ಕಟ್ಟಲು ಕೇಂದ್ರದ ಹಣ ಒದಗಿಸಿತು. ಹೇಳಿದ್ದು 5 ಲಕ್ಷ ಮನೆ. ಖರ್ಚು ಕಡಿತದ ಗಾಳಿ ಬೀಸಿ ಎರಡು ಲಕ್ಷದ ಆಸುಪಾಸಿನಲ್ಲಿ ನಿಂತಿತು. 1924ರಲ್ಲಿ ಮೊದಲ ಲೇಬರ್ ಸರ್ಕಾರ ಬಂದಾಗ ವಸತಿಯ ಹೊಣೆ ಹೊತ್ತ ಆರೋಗ್ಯ ಮಂತ್ರಿ ಅದೇ ಜಾನ್ ವೀಟ್ಲಿ. ಅವರ ಸರ್ಕಾರ ಒಂದು ವರ್ಷವೂ ಬಾಳಲಿಲ್ಲ, ಅವರ ಕಾಯ್ದೆ ಬಾಳಿತು. ಪ್ರತಿ ಮನೆಗೆ ವರ್ಷಕ್ಕೆ 9 ಪೌಂಡಿನಂತೆ 40 ವರ್ಷ ಸಹಾಯಧನ. ಇದರ ಅಡಿಯಲ್ಲಿ 1933ರ ಹೊತ್ತಿಗೆ 5 ಲಕ್ಷದಷ್ಟು ಮನೆ ಎದ್ದವು. ಮೇರಿ ಬಾರ್ಬರ್ 1920ರಲ್ಲಿ ಗೋವನ್ನಿನಿಂದ ನಗರಸಭೆಗೆ ಗೆದ್ದುಬಂದರು. ಬಟ್ಟೆ ಒಗೆಯುವ ಮನೆಗಳು, ಸ್ನಾನಗೃಹಗಳು, ಶಾಲಾಮಕ್ಕಳಿಗೆ ಹಾಲು, ಬಾಣಂತಿಯರ ಆರೈಕೆ, ಇವೇ ಅವರ ಚರ್ಚೆಯ ವಿಷಯಗಳು.

ಆದರೆ ಆ ಮನೆಗಳು ಯಾರಿಗೆ ಸಿಕ್ಕವು? ಮೋಸ್‌ಪಾರ್ಕ್ ಬಡಾವಣೆಯಲ್ಲಿ ಮುಂದೆ ಹಿಂದೆ ತೋಟವಿದ್ದ ಚೆಂದದ ಮನೆಗಳೆದ್ದವು. ಅವುಗಳ ಬಾಡಿಗೆಯನ್ನು ಕೊಡಬಲ್ಲವರು ಗುಮಾಸ್ತರು, ಮೇಷ್ಟ್ರುಗಳು, ಕುಶಲ ಕಾರ್ಮಿಕರು. ಓಣಿಯ ಬಾಯಲ್ಲಿ ಗಂಟೆ ಬಾರಿಸಿದವರು ಅರ್ಜಿ ಹಾಕಿದರೂ ಬಾಡಿಗೆ ಕೊಡಲಾರರು. ಅವರಿಗೆಂದು 1930ರ ದಶಕದಲ್ಲಿ ಬ್ಲ್ಯಾಕ್‌ಹಿಲ್‌ನಂಥ ಬಡಾವಣೆಗಳು ಬಂದವು. ಕೊಳೆಗೇರಿ ಕೆಡವಿ ಅಲ್ಲಿಯವರನ್ನು ಈ ಬಡಾವಣೆಗಳಿಗೆ ಸಾಗಿಸಿದರು. ಅಗ್ಗದ ಕಟ್ಟಡ, ಪಕ್ಕದಲ್ಲೇ ಗ್ಯಾಸ್ ಕಾರ್ಖಾನೆ. ಇಲ್ಲೇ ಆ ಹಳೆಯ ಇನ್‌ಸ್ಪೆಕ್ಟರ್ ಮತ್ತೆ ಬಂದದ್ದು. ಅರ್ಜಿ ಹಾಕಿದವರ ಮನೆಗೆ ನಗರಾಡಳಿತದವರು ಬಂದು ನೆಲ, ಒಲೆ, ಹಾಸಿಗೆ ನೋಡಿ, ಹೆಂಗಸು ಮನೆಯನ್ನು ಹೇಗೆ ಇಟ್ಟುಕೊಂಡಿದ್ದಾಳೆ ಎಂದು ದರ್ಜೆ ಬರೆದುಕೊಳ್ಳುತ್ತಿದ್ದರು. ಚೊಕ್ಕಟ ಎಂದು ಬರೆದರೆ ಒಳ್ಳೆಯ ಬಡಾವಣೆ, ಕೊಳಕು ಎಂದರೆ ಕೊನೆಯ ಬಡಾವಣೆ. ಒಂದೇ ಕೋಣೆಯಲ್ಲಿ ಎಂಟು ಜನರ ಸಂಸಾರ ಮಾಡುವವಳ ಹಾಸಿಗೆಯ ದುಪ್ಪಟಿಯನ್ನು ನೋಡಿ ಅವಳ ಮಕ್ಕಳು ಎಲ್ಲಿ ಬೆಳೆಯಬೇಕೆಂದು ನಿರ್ಧರಿಸಿದ ಆ ಕ್ರಮ ಕ್ರೂರವಾದದ್ದು. ಅದರ ಗುರುತು ಬಡಾವಣೆಗಳ ಹೆಸರಿನ ಮೇಲೆ ತಲೆಮಾರುಗಟ್ಟಲೆ ಉಳಿಯಿತು.

ಇದಕ್ಕಿಂತ ಆಶ್ಚರ್ಯದ ಮಾತು ಇನ್ನೊಂದಿದೆ. ಖಾಸಗಿ ಮಾಲೀಕನ ಬಾಡಿಗೆದಾರನಿಗೆ 1915ರಿಂದ ಸಿಕ್ಕ ರಕ್ಷಣೆ ನಗರಾಡಳಿತದ ಮನೆಯಲ್ಲಿರುವವರಿಗೆ ಅನ್ವಯಿಸಲಿಲ್ಲ. ನಗರಾಡಳಿತ ಸಾರ್ವಜನಿಕ ಸಂಸ್ಥೆ, ಅದು ಅನ್ಯಾಯ ಮಾಡುವುದಿಲ್ಲ ಎಂಬ ನಂಬಿಕೆಯ ಮೇಲೆ ಕಾನೂನು ನಿಂತಿತ್ತು. ಹೀಗಾಗಿ ವರ್ಷಗಟ್ಟಲೆ ಕಾದು ಸರ್ಕಾರಿ ಮನೆ ಪಡೆದವರು ಆ ಕ್ಷಣವೇ ಬಾಡಿಗೆದಾರರ ಹಕ್ಕುಗಳನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಹೋಗುತ್ತಿದ್ದರು. ಸಾಕುಪ್ರಾಣಿ, ಗೋಡೆಯ ಬಣ್ಣ, ಮನೆಯಲ್ಲಿ ಉಳಿಯುವ ನೆಂಟರು, ಎಲ್ಲಕ್ಕೂ ಷರತ್ತು. ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಬಾಡಿಗೆದಾರರಿಗೆ ಕಾನೂನಿನ ಭದ್ರತೆ ಬಂದದ್ದು 1980ರಲ್ಲಿ, ಬಾರ್ಬರ್ ತೀರಿಹೋಗಿ ಇಪ್ಪತ್ತೆರಡು ವರ್ಷಗಳಾದ ಮೇಲೆ. ಅದೇ ಕಾಯ್ದೆ ಆ ಮನೆಗಳನ್ನು ಬಾಡಿಗೆದಾರರೇ ಕೊಂಡುಕೊಳ್ಳುವ ಹಕ್ಕನ್ನೂ ಕೊಟ್ಟಿತು. ಒಳ್ಳೆಯ ಮನೆಗಳು ಮಾರಾಟವಾಗಿ ಹೋದವು, ಅರ್ಜಿದಾರರ ಸಾಲು ಬೆಳೆಯಿತು. ಆ ಮಾರಾಟವನ್ನು ಸ್ಕಾಟ್ಲೆಂಡ್ 2016ರಲ್ಲಿ ನಿಲ್ಲಿಸಿತು.

ನಿಯಂತ್ರಣದಿಂದ ಕೆಡುಕೇ ಆಗಲಿಲ್ಲ ಎಂದು ನಾನು ಹೇಳುವುದಿಲ್ಲ. ಬಾಡಿಗೆ ದಶಕಗಳ ಕಾಲ ಹಳೆಯ ಅಂಕಿಗೆ ಕಟ್ಟಿಬಿದ್ದಾಗ ಮಾಲೀಕರು ರಿಪೇರಿ ಬಿಟ್ಟರು, ಕಟ್ಟಡಗಳು ಸೋರಿದವು. ಬೊಂಬಾಯಿಯ ಚಾಳುಗಳಲ್ಲಿ ಇದರ ಪೂರ್ಣ ರೂಪ ಕಾಣುತ್ತದೆ. ಅಲ್ಲಿ 1918ರಲ್ಲೇ ಯುದ್ಧಕಾಲದ ಬಾಡಿಗೆ ಕಾಯ್ದೆ ಬಂತು. ಗಿರಣಿಗಳಿಗೆ ಜನ ನುಗ್ಗಿ ಖೋಲಿಗಳ ಬಾಡಿಗೆ ಏರಿದ್ದ ಕಾಲ. 1947ರ ಬೊಂಬಾಯಿ ಕಾಯ್ದೆ 1940ರ ಸೆಪ್ಟೆಂಬರ್ 1ರ ಬಾಡಿಗೆಯನ್ನೇ ಅಳತೆಗೋಲು ಮಾಡಿತು. ಆಗ ಬೊಂಬಾಯಿ ಪ್ರಾಂತ್ಯದಲ್ಲಿದ್ದ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳ ಕನ್ನಡಿಗರೂ ಆ ಕಾಯ್ದೆಯ ನೆರಳಿನಲ್ಲಿದ್ದರು. ಅರ್ಧ ಶತಮಾನದ ಮೇಲೂ ಅದೇ 1940ರ ಅಂಕಿ ಉಳಿಸಿಕೊಳ್ಳುವುದು ನ್ಯಾಯವಲ್ಲ ಎಂದು 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಸರಿಯಾದ ಮಾತು. ತಪ್ಪು ನಿಯಂತ್ರಣದ್ದಲ್ಲ, ಕಾಲಕಾಲಕ್ಕೆ ಲೆಕ್ಕ ತಿದ್ದದ ಸರ್ಕಾರಗಳದ್ದು.

ಮೈಸೂರು ರಾಜ್ಯದಲ್ಲಿ 1961ರ ಕಾಯ್ದೆ ಇಡೀ ಏಕೀಕೃತ ರಾಜ್ಯಕ್ಕೆ ಒಂದೇ ನಿಯಮ ತಂದಿತು. ಅದರಲ್ಲಿ ಇವತ್ತಿನವರು ನಂಬಲಾಗದ ಒಂದು ಅಧ್ಯಾಯವಿತ್ತು. ಮನೆ ಖಾಲಿಯಾದರೆ ಮಾಲೀಕ 15 ದಿನದೊಳಗೆ ರೆಂಟ್ ಕಂಟ್ರೋಲರಿಗೆ ತಿಳಿಸಬೇಕು. ಅರ್ಜಿ ಹಾಕಿದವರಲ್ಲಿ ಒಬ್ಬರಿಗೆ ಆ ಮನೆಯನ್ನು ಹಂಚುವ ಅಧಿಕಾರ ಕಂಟ್ರೋಲರಿಗಿತ್ತು. ಖಾಸಗಿ ಮನೆಗೇ ಸರ್ಕಾರಿ ಅರ್ಜಿ! ಬೆಂಗಳೂರಿನಲ್ಲಿ ಹೀಗೆ ಅಲಾಟ್‌ಮೆಂಟ್ ಮೇಲೆ ಮನೆ ಪಡೆದ ಹಿರಿಯರು ಈಗಲೂ ಇದ್ದಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದನ್ನೆಲ್ಲ ತೆಗೆದುಹಾಕಿ 2001ರ ಕೊನೆಯ ದಿನದಿಂದ ಜಾರಿಗೆ ಬಂತು. ಕರಾರು ಲಿಖಿತವಾಗಿರಬೇಕು, ಬಾಡಿಗೆಗೆ ರಸೀದಿ ಕೊಡಬೇಕು, ನೀರು ವಿದ್ಯುತ್ತು ಕಡಿಯಬಾರದು ಎಂಬ ಒಳ್ಳೆಯ ಮಾತುಗಳು ಅದರಲ್ಲಿವೆ. ಆದರೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದರಲ್ಲಿ ಬರೆದರು. ಬೆಂಗಳೂರಿನಲ್ಲಿ ಆ ಬಾಡಿಗೆಗೆ ಒಂದು ಕೋಣೆಯೂ ಕಷ್ಟ. ಅಂದರೆ ನಗರದ ಬಹುಪಾಲು ಬಾಡಿಗೆದಾರರಿಗೆ ರಕ್ಷಣೆ ಎಂಬುದು ಅವರ ಕೈಯಲ್ಲಿರುವ ಕರಾರಿನ ಕಾಗದವೊಂದೇ. ಸರ್ಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಕಟ್ಟಡಗಳನ್ನೂ ಕಾಯ್ದೆ ಹೊರಗಿಟ್ಟಿತು. ಗ್ಲಾಸ್ಗೋದವರು 1980ರವರೆಗೆ ಅನುಭವಿಸಿದ ಸ್ಥಿತಿ ಇದೇ.

ಇಲ್ಲೂ ಮನೆಗೆ ಅರ್ಜಿ ಹಾಕುವ ದಾರಿಗಳಿವೆ. ಹಳ್ಳಿಯಲ್ಲಿ ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆ, ಹಣ ಬರುವುದು ರಾಜೀವ್ ಗಾಂಧಿ ವಸತಿ ನಿಗಮದಿಂದ. ನಗರದ ಕೊಳೆಗೇರಿಗಳಿಗೆ 1973ರ ಕಾಯ್ದೆಯ ಮಂಡಳಿ. ಮನೆ ಸಾಮಾನ್ಯವಾಗಿ ಹೆಂಗಸಿನ ಹೆಸರಿಗೆ ಮಂಜೂರಾಗುತ್ತದೆ, ಇದು ಒಳ್ಳೆಯದು. ಆದರೆ ಹಂಚಿಕೆಯ ಪತ್ರ ಕೈಗೆ ಬಂದ ದಿನ ಹೆಚ್ಚಿನವರು ಬೀಗದ ಕೈ ನೋಡುತ್ತಾರೆ, ಪತ್ರದ ಷರತ್ತು ಓದುವುದಿಲ್ಲ. ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ ಪಡೆಯಿರಿ. ಗ್ರಾಮಸಭೆಯ ದಿನ ಹೋಗಿ ಕೂತು ಪಟ್ಟಿಯನ್ನು ಓದಿಸಿ. ಹಂಚಿಕೆ ಪತ್ರ, ಹಕ್ಕುಪತ್ರ, ಕಟ್ಟಿದ ಕಂತಿನ ರಸೀದಿ, ಬಾಡಿಗೆ ಮನೆಯವರಾದರೆ ಕರಾರು ಮತ್ತು ಮುಂಗಡದ ರಸೀದಿ, ಇವುಗಳ ನಕಲು ಮನೆಯ ಹೊರಗೆ ಒಬ್ಬರ ಬಳಿ ಇರಲಿ. ಬಾಡಿಗೆಯನ್ನು ಬ್ಯಾಂಕಿನ ಮೂಲಕ ಕೊಡಿ. ಸರ್ಕಾರಿ ಜಾಗದಿಂದ ತೆರವು ಮಾಡಿಸಲೂ 1974ರ ಕರ್ನಾಟಕದ ಕಾಯ್ದೆಯ ಪ್ರಕಾರ ಮೊದಲು ನೋಟಿಸು ಕೊಟ್ಟು ನಿಮ್ಮ ಉತ್ತರ ಕೇಳಬೇಕು. ನೋಟಿಸು ಬಂದರೆ ಅದರಲ್ಲಿ ಬರೆದ ತಾರೀಖಿನೊಳಗೆ ಲಿಖಿತ ಉತ್ತರ ಕೊಡಿ, ಅಕ್ಕಪಕ್ಕದವರಿಗೂ ಬಂದಿದೆಯೇ ಎಂದು ವಿಚಾರಿಸಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ವರಮಾನ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಪಡೆಯುವ ಹಕ್ಕಿದೆ.